ಇಂಕ್ ಪೆನ್ ಸರಿಯಾಗಿ ಬರೆಯುತ್ತಿಲ್ಲವೇ? ನಿಬ್ಬಿಗೆ ಕೈ ಹಾಕುವ ಮೊದಲು

ಪೆನ್ನು ಕೈಕೊಟ್ಟ ಕೂಡಲೇ ಒತ್ತಿ ಬರೆಯುವುದು, ಕೊಡವುವುದು, ನಿಬ್ಬಿನ ಸೀಳಿಗೆ ಬ್ಲೇಡು ತೂರಿಸುವುದು ನಮ್ಮಲ್ಲಿ ರೂಢಿ. ಆದರೆ ಹೆಚ್ಚಿನ ಸಲ ತೊಂದರೆ ಇರುವುದು ನಿಬ್ಬಿನ ಅಡಿಯಲ್ಲಿದ್ದು ತುದಿಗೆ ಇಂಕು ಹಾಯಿಸುವ ತುಂಡಾದ ಫೀಡ್‌ನಲ್ಲಿ. ಇಂಕು ಕೆಳಗಿಳಿದಷ್ಟೂ ಗಾಳಿ ಮೇಲೇರಿ ಅದರ ಜಾಗ ತುಂಬಬೇಕು. ಈ ಎರಡೂ ದಾರಿಗಳು ಇರುವುದು ಫೀಡ್‌ನಲ್ಲೇ. ಒಂದು ಕಟ್ಟಿಕೊಂಡರೂ ಬರವಣಿಗೆ ನಿಲ್ಲುತ್ತದೆ.

ಮೊದಲು ಒಂದು ಪರೀಕ್ಷೆ. ನಿಬ್ಬನ್ನು ಇಂಕಿನಲ್ಲಿ ಅದ್ದಿ ಬರೆಯಿರಿ. ನಾಲ್ಕಾರು ಸಾಲು ಚೆನ್ನಾಗಿ ಬಂದು ಆಮೇಲೆ ಮಸುಕಾದರೆ, ಹಿಂದಿನಿಂದ ಇಂಕು ಬರುತ್ತಿಲ್ಲ ಎಂದರ್ಥ. ಅದ್ದಿದ ಮೇಲೂ ಅಕ್ಷರದ ಮೊದಲ ಗೆರೆ ತಪ್ಪುತ್ತಿದ್ದರೆ ದೋಷ ನಿಬ್ಬಿನ ತುದಿಯಲ್ಲಿದೆ.

ಇಂಕು ಬರುತ್ತಿಲ್ಲವಾದರೆ ತೊಳೆಯುವುದೇ ಮೊದಲ ಮದ್ದು. ಹೊಸ ಪೆನ್ನಿಗೂ ಇದು ಬೇಕು. ತಯಾರಿಕೆಯ ಎಣ್ಣೆಯ ಅಂಶ ಒಳಗೆ ಉಳಿದಿರಬಹುದು. ಕನ್ವರ್ಟರ್‌ನಿಂದ (ಪೆನ್ನಿನೊಳಗೆ ಇಂಕು ಎಳೆದು ತುಂಬಿಕೊಳ್ಳುವ ಪುಟ್ಟ ಕೊಳವೆ) ತಣ್ಣೀರನ್ನು ಎಳೆದು ಬಿಡುತ್ತಾ, ಬಣ್ಣ ಪೂರ್ತಿ ಹೋಗುವವರೆಗೆ ತೊಳೆಯಿರಿ. ನಂತರ ಕನ್ವರ್ಟರ್ ತೆಗೆದು ನಿಬ್ಬಿನ ಭಾಗವನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಟಿಶ್ಯೂ ಪೇಪರಿನ ಮೇಲೆ ನಿಬ್ಬು ಕೆಳಗಾಗಿ ನಿಲ್ಲಿಸಿ. ಬಣ್ಣ ಇನ್ನೂ ಹತ್ತಿದರೆ ಮತ್ತೆ ನೆನೆಹಾಕಿ. ಜಗ್ಗದ ಹಳೆಯ ಇಂಕಿಗೆ ಹತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ಅಮೋನಿಯಾ, ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ. ಹದಿನೈದು ನಿಮಿಷ ಸಾಕು, ಆಮೇಲೆ ಚೆನ್ನಾಗಿ ಜಾಲಿಸಿ. ಹಿತ್ತಾಳೆಯ ಭಾಗಗಳಿಗೆ ಅಮೋನಿಯಾ ತಾಗಿಸಬೇಡಿ. ತೊಳೆಯಲು ಬಿಸಿನೀರು, ಸ್ಪಿರಿಟ್, ಅಸಿಟೋನ್ ಬೇಡವೇ ಬೇಡ: ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ ಇಲ್ಲವೇ ಕರಗುತ್ತದೆ.

ಇಂಕಿನ ಬಗ್ಗೆಯೂ ಒಂದು ಮಾತು. ಚಿತ್ರ ಬರೆಯಲು ಬಳಸುವ ಇಂಡಿಯನ್ ಇಂಕ್‌ನಲ್ಲಿ ಅರಗು ಇರುತ್ತದೆ. ಅದು ಫೀಡ್‌ನಲ್ಲಿ ಒಣಗಿದರೆ ನೀರಿಗೆ ಬಿಡುವುದಿಲ್ಲ, ಆ ಪೆನ್ನಿನ ಕತೆ ಬಹುತೇಕ ಮುಗಿದಂತೆ. ಹಳೆಯ ಬಾಟಲಿಯ ತಳದಲ್ಲಿ ಗಸಿ ಕೂತಿದ್ದರೆ ಅಥವಾ ಬೂಷ್ಟು ವಾಸನೆ ಬಂದರೆ ಚೆಲ್ಲಿಬಿಡಿ, ನೀರು ಬೆರೆಸಿ ಉಳಿಸುವ ಜಿಪುಣತನ ಬೇಡ.

ಕಾರ್ಟ್ರಿಡ್ಜ್ (ಇಂಕು ತುಂಬಿ ಬರುವ ಮುಚ್ಚಿದ ಕೊಳವೆ) ಹಾಕುವ ಪೆನ್ನಾದರೆ ಆ ಕೊಳವೆ ಪೂರ್ತಿ ಒಳಕ್ಕೆ ಹೋಗಿ ತೂತಾಗಿದೆಯೇ ನೋಡಿ. ಕನ್ವರ್ಟರ್‌ನಲ್ಲಿ ಇಂಕಿದ್ದರೂ ಅದು ಹಿಂಬದಿಗೇ ಅಂಟಿಕೊಂಡು ಕೆಳಗಿಳಿಯದೆ ಇರುವುದುಂಟು. ಬೆರಳಿನಿಂದ ತಟ್ಟಿ, ಇಲ್ಲವೇ ಕನ್ವರ್ಟರ್ ತಿರುವಿ ನಿಬ್ಬಿನಿಂದ ಒಂದು ಹನಿ ಹೊರಬರಿಸಿ.

ತೊಳೆದ ಮೇಲೂ ಒಣಗಿದಂತೆ ಬರೆದರೆ ಜೋಡಣೆ ನೋಡಿ. ಫೀಡ್‌ನಲ್ಲಿ ಇಂಕು ಹರಿಯುವ ಗೀರು ನಿಬ್ಬಿನ ಸೀಳಿನ ನೇರಕ್ಕೇ ಇರಬೇಕು, ಫೀಡು ನಿಬ್ಬಿಗೆ ಅಂಟಿ ಕೂತಿರಬೇಕು. ನಡುವೆ ಬೆಳಕು ಕಂಡರೆ ಇಂಕಿನ ಎಳೆ ಅಲ್ಲೇ ಕಡಿಯುತ್ತದೆ. ಎಬೊನೈಟ್ (ಗಟ್ಟಿ ರಬ್ಬರು) ಫೀಡ್ ಆಗಿದ್ದರೆ ಸರಿಪಡಿಸಬಹುದು: ಕುದಿ ಇಳಿದ ಬಿಸಿನೀರಿನಲ್ಲಿ ನಿಬ್ಬು ಮತ್ತು ಫೀಡನ್ನು ಮಾತ್ರ ಅರ್ಧ ನಿಮಿಷ ಅದ್ದಿ, ಬಟ್ಟೆಯಲ್ಲಿ ಹಿಡಿದು ಒತ್ತಿ, ತಣ್ಣಗಾಗುವವರೆಗೆ ಬಿಡಬೇಡಿ. ಪ್ಲಾಸ್ಟಿಕ್ ಫೀಡ್‌ಗೆ ಈ ಉಪಾಯ ಅಷ್ಟಾಗಿ ಒದಗುವುದಿಲ್ಲ.

ಇಷ್ಟಾದ ಮೇಲೆ ನಿಬ್ಬು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಸೀಳಿನ ಎರಡು ಬದಿಯ ಕವಲುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇದ್ದರೆ ಮೇಲಿನದನ್ನು ಉಗುರಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ. ಸೀಳು ಪೂರ್ತಿ ಬಿಗಿದುಕೊಂಡಿದ್ದರೆ 0.05 ಮಿ.ಮೀ. ದಪ್ಪದ ಹಿತ್ತಾಳೆ ಹಾಳೆಯನ್ನು ನಿಬ್ಬಿನ ತೂತಿನಿಂದ ತುದಿಯವರೆಗೆ ಎರಡು ಮೂರು ಸಲ ಹಾಯಿಸಿ. ಬ್ಲೇಡು ಇದಕ್ಕಿಂತ ದಪ್ಪ, ಉಕ್ಕಿನದು, ಸೀಳಿನ ಅಂಚನ್ನು ಗೀಚುತ್ತದೆ.

ಕೊನೆಯ ದೋಷ, ತುದಿಯ ಒಳ ಅಂಚುಗಳು ಅತಿಯಾಗಿ ದುಂಡಗಾಗಿರುವುದು. ಇಂಕು ಸೀಳಿನಲ್ಲಿರುತ್ತದೆ, ಆದರೆ ಕಾಗದಕ್ಕೆ ತಾಗುವುದಿಲ್ಲ. ಒತ್ತಿದರೆ ಮಾತ್ರ ಬರೆಯುತ್ತದೆ. 12000 ಗ್ರಿಟ್‌ನ ಮೈಕ್ರೋಮೆಶ್ (ಅತಿ ನಯವಾದ ಉಜ್ಜುವ ಹಾಳೆ) ಮೇಲೆ ಇಂಕು ತುಂಬಿದ ಪೆನ್ನಿನಿಂದ, ಭಾರ ಹಾಕದೆ, ಎಂಟರ ಅಂಕಿಯಂತೆ ನಾಲ್ಕೈದು ಸುತ್ತು ಎಳೆಯಿರಿ, ಕಾಗದದ ಮೇಲೆ ಬರೆದು ನೋಡಿ, ಬೇಕಾದರಷ್ಟೇ ಮುಂದುವರಿಸಿ. ಸವೆದ ಲೋಹ ಮರಳಿ ಬರುವುದಿಲ್ಲ. ಚಿನ್ನದ ನಿಬ್ಬಾದರೆ ಈ ಕೊನೆಯ ಕೆಲಸ ನಿಬ್ಬು ತಿದ್ದುವವರಿಗೇ ಬಿಡಿ.