ಇಂಗ್ಲೆಂಡಿನಲ್ಲಿ ಅಪ್ಪ-ಅಮ್ಮನ ಕೋವಿಡ್ ಬೂಸ್ಟರ್: ಬುಕಿಂಗ್‌ನಿಂದ ಮರುದಿನದ ಕೈನೋವಿನವರೆಗೆ

ಬ್ರಿಟನ್ನಿನ ಹಿರಿಯರಿಗೆ ಕೋವಿಡ್ ಚುಚ್ಚುಮದ್ದು ಈಗ ವರ್ಷಕ್ಕೆ ಎರಡು ಸಲ ಬರುತ್ತದೆ. ಚಳಿ ಶುರುವಾಗುವಾಗ ಒಂದು, ಚಳಿ ಮುಗಿದ ಮೇಲೆ ವಸಂತದಲ್ಲಿ ಇನ್ನೊಂದು. 2020ರ ಡಿಸೆಂಬರ್ 8ರಂದು ಕೊವೆಂಟ್ರಿಯ ಆಸ್ಪತ್ರೆಯಲ್ಲಿ 90 ವರ್ಷದ ಮಾರ್ಗರೆಟ್ ಕೀನನ್ ಲಸಿಕೆ ಹಾಕಿಸಿಕೊಂಡಾಗ ಜಗತ್ತೆಲ್ಲ ಟಿವಿ ಮುಂದಿತ್ತು. ಅದಾದ ಮುಂದಿನ ತಿಂಗಳು ಸಾಲ್ಸ್‌ಬರಿ ಕ್ಯಾಥೆಡ್ರಲ್‌ನಲ್ಲಿ ಆರ್ಗನ್ ಸಂಗೀತ ಕೇಳುತ್ತಾ ಕೂತು ಹಿರಿಯರು ಚುಚ್ಚಿಸಿಕೊಂಡರು. ಆ ಸಡಗರ ಈಗ ಇಲ್ಲ. ಮನೆ ಹತ್ತಿರದ ಫಾರ್ಮಸಿ, ಹಿಂದುಗಡೆ ಒಂದು ಪುಟ್ಟ ಕೋಣೆ, ಎರಡು ನಿಮಿಷದ ಕೆಲಸ.

ಆ ಎರಡು ನಿಮಿಷದ ಹಿಂದೆ ಮುಂದೆ ಇರುವುದೇ ತಲೆನೋವು. ಅರವತ್ತು-ಎಪ್ಪತ್ತರ ದಶಕದಲ್ಲಿ ಕರ್ನಾಟಕದ ಮೆಡಿಕಲ್ ಕಾಲೇಜುಗಳಲ್ಲಿ ಓದಿ ಇಲ್ಲಿಗೆ ಬಂದ ಡಾಕ್ಟರುಗಳು ಈಗ ತಾವೇ ತೋಳು ಒಡ್ಡುವ ವಯಸ್ಸಿಗೆ ಬಂದಿದ್ದಾರೆ. ಅವರಿಗೆ ಈ ಲೇಖನ ಅಷ್ಟಾಗಿ ಬೇಕಿಲ್ಲ. ಮಕ್ಕಳ ಜೊತೆ ಇರಲು ತಡವಾಗಿ ಬಂದು ಇಲ್ಲೇ ನೆಲೆಸಿದ ಅಪ್ಪ-ಅಮ್ಮಂದಿರಿಗೆ, ಅವರನ್ನು ಕರೆದುಕೊಂಡು ಹೋಗುವ ಮಕ್ಕಳಿಗೆ ಇದನ್ನು ಬರೆದಿದ್ದೇನೆ.

ಮೊದಲು: ಯಾರಿಗೆ ಉಂಟು, ಯಾರಿಗೆ ಇಲ್ಲ

ಯಾರಿಗೆ ಉಚಿತವಾಗಿ ಕೊಡಬೇಕು ಅಂತ ಸರ್ಕಾರಕ್ಕೆ ಸಲಹೆ ಕೊಡುವುದು ಜೆಸಿವಿಐ ಎಂಬ ತಜ್ಞರ ಸಮಿತಿ. ಅದರ ಸಲಹೆ ಬದಲಾಗುತ್ತಾ ಬಂದಿದೆ. 2022ರ ಚಳಿಗಾಲದಲ್ಲಿ 50 ದಾಟಿದವರಿಗೆಲ್ಲ ಕೊಟ್ಟರು. 2023 ಮತ್ತು 2024ರ ಚಳಿಗಾಲದಲ್ಲಿ 65 ದಾಟಿದವರಿಗೆ. 2025ರ ಅಕ್ಟೋಬರ್‌ನಿಂದ ಅದು 75ಕ್ಕೆ ಏರಿತು. ಜೊತೆಗೆ ಹಿರಿಯರ ಕೇರ್ ಹೋಮ್‌ಗಳಲ್ಲಿ ಇರುವವರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿರುವವರು, ಅಂದರೆ ಅಂಗಾಂಗ ಕಸಿ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಇಂಥವರು ಸೇರುತ್ತಾರೆ. ವಸಂತದ ಸುತ್ತಿನಲ್ಲಿ 2022ರಿಂದಲೂ 75ರದೇ ಲೆಕ್ಕ.

ಈ ಬದಲಾವಣೆಯಿಂದ ಮನೆಗಳಲ್ಲಿ ವಿಚಿತ್ರ ಪರಿಸ್ಥಿತಿ ಆಗಿದೆ. ನಮ್ಮವರಲ್ಲಿ ಗಂಡ ಹೆಂಡತಿ ನಡುವೆ ಆರೇಳು ವರ್ಷದ ಅಂತರ ಸಾಮಾನ್ಯ ಅಲ್ವಾ? ಯಜಮಾನರಿಗೆ 77, ಅಮ್ಮನಿಗೆ 70. 65ರ ಲೆಕ್ಕ ಇದ್ದಾಗ ಇಬ್ಬರೂ ಜೊತೆಗೆ ಹೋಗಿ ಹಾಕಿಸಿಕೊಂಡು ಬಂದವರು. ಈಗ ಅವರಿಗೆ ಉಂಟು, ಇವರಿಗೆ ಇಲ್ಲ. "ಒಂದೇ ಮನೇಲಿ ಒಂದೇ ಗಾಳಿ ಉಸಿರಾಡ್ತೀವಿ, ನನಗ್ಯಾಕಿಲ್ಲ?" ಅಂತ ಅಮ್ಮ ಕೇಳಿದರೆ ತಪ್ಪೇನು? ಆದರೆ ಫಾರ್ಮಸಿ ಕೌಂಟರಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಅಲ್ಲಿ ನಿಂತ ಹುಡುಗಿ ನಿಯಮ ಮಾಡಿದವಳಲ್ಲ. ಫ್ಲೂ ಲಸಿಕೆ 65 ದಾಟಿದ ಎಲ್ಲರಿಗೂ ಉಚಿತ. ಹಾಗಾಗಿ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅದನ್ನಾದರೂ ಹಾಕಿಸಿಕೊಂಡು ಬನ್ನಿ. ಬೇಕೇ ಬೇಕು ಅಂದರೆ 2024ರಿಂದ ಕೆಲವು ಫಾರ್ಮಸಿಗಳು ಕೋವಿಡ್ ಲಸಿಕೆಯನ್ನು ದುಡ್ಡಿಗೂ ಹಾಕುತ್ತವೆ. ಬೆಲೆ ಜಾಸ್ತಿ, 100 ಪೌಂಡ್ ಹತ್ತಿರ ಹೋದದ್ದೂ ಇದೆ.

ಇನ್ನೊಂದು ಮಾತು. ಸುತ್ತು ಮುಗಿಯುವ ದಿನದೊಳಗೆ 75 ತುಂಬುವುದಾದರೆ ಹುಟ್ಟುಹಬ್ಬದವರೆಗೆ ಕಾಯಬೇಕಿಲ್ಲ. 2025ರ ಚಳಿಗಾಲದ ಸುತ್ತಿಗೆ 2026ರ ಜನವರಿ 31 ಕೊನೆಯ ದಿನವಾಗಿತ್ತು. ಜನವರಿಯಲ್ಲಿ 75 ಆಗುವವರು ಅಕ್ಟೋಬರ್‌ನಲ್ಲೇ ಹಾಕಿಸಿಕೊಳ್ಳಬಹುದಿತ್ತು. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನ ಹುಟ್ಟಿದ ದಿನ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು! ಇಲ್ಲಿ ನಡೆಯುವುದು ದಾಖಲೆಯಲ್ಲಿ ಇರುವ ದಿನವೇ.

ಸುಮ್ನೆ ನಾಲ್ಕು ತಿಂಗಳು ಮೊಮ್ಮಕ್ಕಳನ್ನು ನೋಡಲು ವಿಸಿಟರ್ ವೀಸಾ ಮೇಲೆ ಬಂದವರ ವಿಷಯ ಬೇರೆ. ಅವರು ಬುಕ್ ಮಾಡುವ ಮೊದಲು ಲಸಿಕೆಯ ಸಹಾಯವಾಣಿ 119ಕ್ಕೆ ಫೋನ್ ಮಾಡಿ ಕೇಳಿಕೊಳ್ಳಲಿ.

ಬುಕ್ ಮಾಡುವ ಮುಂಚೆ ಅವರನ್ನು ಕೇಳಿ

ಈ ಹಂತವನ್ನು ಮಕ್ಕಳು ಹಾರಿಸಿಬಿಡುತ್ತಾರೆ. ಆಫೀಸಿನ ಮೀಟಿಂಗ್ ನಡುವೆ ಮೊಬೈಲ್‌ನಲ್ಲಿ ಬುಕ್ ಮಾಡಿ, ಸಂಜೆ ಬಂದು "ಅಪ್ಪಾ, ಶನಿವಾರ ನಿಮ್ಗೆ ಇಂಜೆಕ್ಷನ್" ಅಂತ ತೀರ್ಪು ಕೊಡುವುದು. ಅಪ್ಪನಿಗೆ ಸಿಟ್ಟು ಬರುವುದು ಸೂಜಿಯ ಮೇಲಲ್ಲ. ತಮ್ಮನ್ನು ಒಂದು ಮಾತೂ ಕೇಳಲಿಲ್ಲವಲ್ಲ ಅಂತ. ಲಸಿಕೆ ಕಡ್ಡಾಯವಲ್ಲ. ಬೇಕೋ ಬೇಡವೋ ಹೇಳಬೇಕಾದವರು ಅವರೇ.

ಹಿರಿಯರು ಕೇಳುವ ಪ್ರಶ್ನೆಗಳು ಬಹುತೇಕ ಇವೇ.

"ಎಷ್ಟು ಸಲ ಅಂತ ಚುಚ್ಚಿಸ್ಕೊಳ್ಳೋದು?" ಲಸಿಕೆ ಕೊಡುವ ರಕ್ಷಣೆ ಕೆಲವು ತಿಂಗಳಲ್ಲಿ ಇಳಿಯುತ್ತದೆ. ವೈರಸ್ ಕೂಡ ರೂಪ ಬದಲಿಸುತ್ತದೆ. ಅದಕ್ಕೆ ತಕ್ಕಂತೆ ಲಸಿಕೆಯನ್ನೂ ಬದಲಿಸುತ್ತಾರೆ. 2024ರ ಚಳಿಗಾಲದಲ್ಲಿ ಕೊಟ್ಟದ್ದು ಜೆಎನ್.1 ತಳಿಗೆ ಹೊಂದಿಸಿದ ಲಸಿಕೆ, 2025ರಲ್ಲಿ ಎಲ್‌ಪಿ.8.1 ತಳಿಗೆ.

"ಹಾಕಿಸ್ಕೊಂಡ್ರೂ ನನಗೆ ಬಂತಲ್ಲಾ?" ಬರಬಹುದು. ಬರದೇ ಇರುತ್ತದೆ ಅಂತ ಮಾತು ಕೊಡಬೇಡಿ, ಆಮೇಲೆ ನಿಮ್ಮ ಮಾತಿಗೇ ಬೆಲೆ ಇರುವುದಿಲ್ಲ. ಬಂದರೂ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗದಿರಲಿ ಅನ್ನುವುದು ಬೂಸ್ಟರಿನ ಮುಖ್ಯ ಉದ್ದೇಶ. ವಯಸ್ಸು ಹೆಚ್ಚಿದಷ್ಟೂ ಆ ಅಪಾಯ ಹೆಚ್ಚು. ಅದಕ್ಕೇ ವಯಸ್ಸಿನ ಗೆರೆ.

"ಅದ್ರಲ್ಲಿ ಮೊಟ್ಟೆ ಗಿಟ್ಟೆ ಇದ್ಯಾ?" ಇಲ್ಲ. ಇಲ್ಲಿ ಕೊಡುವ ಫೈಜರ್ ಮತ್ತು ಮಾಡರ್ನಾ ಕೋವಿಡ್ ಲಸಿಕೆಗಳಲ್ಲಿ ಮೊಟ್ಟೆಯಾಗಲಿ, ಪ್ರಾಣಿಜನ್ಯ ಪದಾರ್ಥವಾಗಲಿ ಇಲ್ಲ. ಇದನ್ನು ನಗುವ ಪ್ರಶ್ನೆ ಅಂದುಕೊಳ್ಳಬೇಡಿ. ಜೀವನವಿಡೀ ಶುದ್ಧ ಸಸ್ಯಾಹಾರಿಯಾಗಿದ್ದವರು ಇದನ್ನು ಬಾಯಿಬಿಟ್ಟು ಕೇಳದೆ, ಬೇರೆ ನೆಪ ಹೇಳಿ ತಪ್ಪಿಸಿಕೊಳ್ಳುವುದುಂಟು.

"ನಾನು ಬೆಂಗಳೂರಲ್ಲಿ ಕೋವಿಶೀಲ್ಡ್ ಹಾಕಿಸ್ಕೊಂಡಿದ್ನಲ್ಲ, ಅದಕ್ಕೂ ಇದಕ್ಕೂ ಆಗುತ್ತಾ?" ಆಗುತ್ತದೆ. ಊರಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡಿರಲಿ, ಕೋವ್ಯಾಕ್ಸಿನ್ ಆಗಿರಲಿ, 2022ರ ಜನವರಿಯಲ್ಲಿ ಶುರುವಾದ ಮುನ್ನೆಚ್ಚರಿಕೆ ಡೋಸ್ ತೆಗೆದುಕೊಂಡಿರಲಿ ಬಿಟ್ಟಿರಲಿ, ಈಗ ಈ ಸುತ್ತಿನ ಒಂದು ಡೋಸ್ ಸಾಕು.

ಬುಕಿಂಗ್

ಇಂಗ್ಲೆಂಡಿನಲ್ಲಿ ಮೂರು ದಾರಿ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆ್ಯಪ್, ಎನ್‌ಎಚ್‌ಎಸ್ ವೆಬ್‌ಸೈಟ್, ಇಲ್ಲವೇ 119ಕ್ಕೆ ಫೋನ್. ಆ ಫೋನಿಗೆ ದುಡ್ಡಿಲ್ಲ, ದುಭಾಷಿ ಬೇಕು ಅಂತಲೂ ಕೇಳಬಹುದು. ಕೆಲವು ಫಾರ್ಮಸಿಗಳಲ್ಲಿ ಬುಕಿಂಗ್ ಇಲ್ಲದೆ ನೇರ ಹೋದರೂ ಹಾಕುತ್ತಾರೆ. ಕೆಲವು ಜಿಪಿ ಸರ್ಜರಿಗಳು, ಅಂದರೆ ಫ್ಯಾಮಿಲಿ ಡಾಕ್ಟರ ಕ್ಲಿನಿಕ್‌ಗಳು, ತಾವೇ ಮೆಸೇಜ್ ಕಳಿಸಿ ಕರೆಯುತ್ತವೆ. ಕರೆ ಬರದಿದ್ದರೂ ಅರ್ಹರು ತಾವೇ ಬುಕ್ ಮಾಡಬಹುದು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ವ್ಯವಸ್ಥೆ ಬೇರೆ, ಅಲ್ಲಿ ಮನೆಗೆ ಬರುವ ಪತ್ರವನ್ನು ನೋಡಿಕೊಳ್ಳಿ.

ಮೆಸೇಜ್ ಅಂದಾಗ ಒಂದು ಎಚ್ಚರಿಕೆ. ಉಚಿತ ಲಸಿಕೆಗೆ ಎನ್‌ಎಚ್‌ಎಸ್ ಯಾವತ್ತೂ ಬ್ಯಾಂಕ್ ವಿವರ, ಕಾರ್ಡ್ ನಂಬರ್, ಪಿನ್ ಕೇಳುವುದಿಲ್ಲ. ಕೇಳಿದರೆ ಅದು ಮೋಸ. ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವ ಹಿರಿಯರಿಗೆ ಇದನ್ನು ಎರಡೆರಡು ಸಲ ಹೇಳಿ.

ಹಿಂದಿನ ಕೋವಿಡ್ ಲಸಿಕೆಯಾಗಿ ಸುಮಾರು ಆರು ತಿಂಗಳು ಆಗಿರಬೇಕು ಅನ್ನುವುದು ಲೆಕ್ಕ. ಮೂರು ತಿಂಗಳಿಗಿಂತ ಮುಂಚೆ ಹಾಕುವುದಿಲ್ಲ. ಊರಿಗೆ ಹೋಗುವ ಟಿಕೆಟ್ ಇದ್ದರೆ ಇದನ್ನು ನೋಡಿಕೊಂಡು ದಿನ ಆರಿಸಿ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೊರಡುವವರು ಅಕ್ಟೋಬರ್‌ನಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ವಿಮಾನ ಹತ್ತುವ ಹಿಂದಿನ ದಿನ ಖಂಡಿತ ಬೇಡ, ಹತ್ತು ಗಂಟೆ ಮೈಕೈ ನೋವಿನಲ್ಲಿ ಕೂರುವುದು ಶತ್ರುವಿಗೂ ಬೇಡ.

ಸಮಯ ಆರಿಸುವಾಗ ನಿಮ್ಮ ಕ್ಯಾಲೆಂಡರ್ ಮಾತ್ರ ನೋಡಬೇಡಿ. ಹಿರಿಯರ ಉಚಿತ ಬಸ್ ಪಾಸ್ ಸಾಮಾನ್ಯವಾಗಿ ವಾರದ ದಿನಗಳಲ್ಲಿ ಬೆಳಿಗ್ಗೆ 9.30ರ ಮೇಲೆ ನಡೆಯುತ್ತದೆ. ನವೆಂಬರ್ ಕೊನೆಗೆ ಸಂಜೆ ನಾಲ್ಕಕ್ಕೇ ಕತ್ತಲು ಕವಿಯುತ್ತದೆ, ಒದ್ದೆ ಎಲೆ ಬಿದ್ದ ಫುಟ್‌ಪಾತ್ ಜಾರುತ್ತದೆ. ಹನ್ನೊಂದು ಗಂಟೆ ಹೊತ್ತಿಗೆ ಬುಕ್ ಮಾಡಿದರೆ ತಿಂಡಿ ತಿಂದು, ಮಾತ್ರೆ ತೆಗೆದುಕೊಂಡು ನಿಧಾನವಾಗಿ ಹೋಗಬಹುದು. ಏಕಾದಶಿ ಉಪವಾಸ ಇರುವವರಾದರೆ ಆ ದಿನ ಬಿಟ್ಟು ಬೇರೆ ದಿನ ನೋಡಿ. ಸಕ್ಕರೆ ಕಾಯಿಲೆ ಇದ್ದರಂತೂ ಖಾಲಿ ಹೊಟ್ಟೆಯಲ್ಲಿ ಬೇಡ.

ಮನೆ ಬಿಟ್ಟು ಹೊರಗೆ ಬರಲಾಗದವರಿಗೆ ಜಿಪಿ ಸರ್ಜರಿಗೆ ಫೋನ್ ಮಾಡಿ ಕೇಳಿ. ಮನೆಗೇ ಬಂದು ಹಾಕುವ ವ್ಯವಸ್ಥೆ ಇದೆ.

ಏನು ಹಾಕಿಕೊಂಡು ಹೋಗಬೇಕು

ಯಾವ ಸರ್ಕಾರಿ ಕರಪತ್ರವೂ ಈ ಕಷ್ಟವನ್ನು ಸರಿಯಾಗಿ ಹೇಳುವುದಿಲ್ಲ. ಸೂಜಿ ಹೋಗುವುದು ತೋಳಿನ ಮೇಲ್ಭಾಗಕ್ಕೆ, ಭುಜದ ಸ್ವಲ್ಪ ಕೆಳಗೆ. ಇಲ್ಲಿನ ಚಳಿಗೆ ಅಮ್ಮಂದಿರು ಥರ್ಮಲ್, ಅದರ ಮೇಲೆ ರವಿಕೆ, ಅದರ ಮೇಲೆ ಸೀರೆ, ಸ್ವೆಟರ್, ಕೋಟು ಅಂತ ಹೇರಿಕೊಂಡಿರುತ್ತಾರೆ. ಆ ಪುಟ್ಟ ಕೋಣೆಯಲ್ಲಿ, ಅಪರಿಚಿತ ಗಂಡಸಿನ ಮುಂದೆ, ಬಿಗಿಯಾದ ರವಿಕೆ ತೋಳು ಮೇಲೆ ಸರಿಯದೆ ಒದ್ದಾಡುವುದು ಅವರಿಗೆ ಸೂಜಿಗಿಂತ ದೊಡ್ಡ ಸಂಕಟ. ನಮ್ಮ ಅತ್ತೆ ಬೂಸ್ಟರ್ ಬೇಡ ಅನ್ನುತ್ತಿದ್ದದ್ದು ಇದಕ್ಕೇ ಅಂತ ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಉಪಾಯ ಸುಲಭ. ಒಳಗೆ ಗಿಡ್ಡ ತೋಳಿನ ಸಡಿಲ ರವಿಕೆ ಅಥವಾ ಕುರ್ತಾ, ಮೇಲೆ ಮುಂದೆ ಗುಂಡಿ ಇರುವ ಸ್ವೆಟರ್, ಆಮೇಲೆ ಕೋಟು. ತಲೆ ಮೇಲಿಂದ ಎಳೆದು ತೆಗೆಯುವ ಸ್ವೆಟರ್ ಆ ದಿನ ಬೇಡ. ಹೆಂಗಸರೇ ಹಾಕಲಿ ಅನ್ನಿಸಿದರೆ ಮೊದಲೇ ಕೇಳಿ, ಸಾಧ್ಯವಿದ್ದರೆ ಹೊಂದಿಸುತ್ತಾರೆ.

ಕುರ್ಚಿಯಲ್ಲಿ ಕೂತ ಮೇಲೆ

ಹೆಸರು, ಹುಟ್ಟಿದ ದಿನ ಕೇಳುತ್ತಾರೆ. ಆಮೇಲೆ ಪ್ರಶ್ನೆಗಳು. ಈಗ ಜ್ವರ ಇದೆಯಾ? ಹಿಂದೆ ಲಸಿಕೆಗೆ ಅಲರ್ಜಿ ಆಗಿತ್ತಾ? ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ? ಇಲ್ಲಿ ನಮ್ಮ ಹಿರಿಯರದು ಒಂದೇ ಉತ್ತರ: "ಏನೂ ಇಲ್ಲ, ಚೆನ್ನಾಗಿದೀನಿ." ಬಿಳಿ ಕೋಟಿನವರ ಮುಂದೆ ಕಷ್ಟ ಹೇಳಿಕೊಳ್ಳುವುದು ಅವರಿಗೆ ಮುಜುಗರ. ಅದಕ್ಕೇ ಹಿಂದಿನ ರಾತ್ರಿಯೇ ಕೂತು ಮಾತಾಡಿ. "ಅಮ್ಮಾ, ಹೋದ ಸಲ ಚುಚ್ಚಿಸ್ಕೊಂಡ ಮೇಲೆ ತಲೆ ಸುತ್ತಿತ್ತಾ?" ಅಂತ ಕೇಳಿದರೆ ಅಡುಗೆಮನೆಯಲ್ಲಿ ಬರುವ ಉತ್ತರ ಬೇರೆಯೇ ಇರುತ್ತದೆ. ಮಾತ್ರೆಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ.

ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ರಕ್ತಪರೀಕ್ಷೆ ಸಕಾಲಕ್ಕೆ ಆಗಿದ್ದು, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಮಿತಿಯೊಳಗಿದ್ದರೆ ಲಸಿಕೆ ಹಾಕಿಸಿಕೊಳ್ಳಬಹುದು. ಸಣ್ಣ ಸೂಜಿ ಬಳಸುತ್ತಾರೆ. ಚುಚ್ಚಿದ ಜಾಗವನ್ನು ಉಜ್ಜದೆ ಕನಿಷ್ಠ ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಜ್ವರ ಜೋರಾಗಿದ್ದರೆ ಆ ದಿನ ಮುಂದಕ್ಕೆ ಹಾಕಿ. ಬರೀ ನೆಗಡಿಗೆ ಮುಂದೂಡಬೇಕಿಲ್ಲ.

ಪ್ರಶ್ನೆ ಅಮ್ಮನಿಗೆ ಬಂದರೆ ಉತ್ತರ ಅಮ್ಮ ಹೇಳಲಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಹೇಳಲಿ, ನೀವು ಅದನ್ನಷ್ಟೇ ದಾಟಿಸಿ. ಮಗ ಮಗಳು ಎಲ್ಲಕ್ಕೂ "ನೋ, ನೋ" ಅಂತ ತಾವೇ ಹೇಳಿ ಮುಗಿಸಿದರೆ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಒಪ್ಪಿಗೆ ಕೊಡಬೇಕಾದವರು ಪಕ್ಕದಲ್ಲಿ ಗೊಂಬೆ ಥರ ಕೂತಿರುತ್ತಾರೆ.

ಫ್ಲೂ ಮತ್ತು ಕೋವಿಡ್ ಎರಡನ್ನೂ ಒಂದೇ ದಿನ ಹಾಕಿಸಿಕೊಳ್ಳಬಹುದು. ಎರಡು ತೋಳಿಗೆ ಒಂದೊಂದು ಅಥವಾ ಒಂದೇ ತೋಳಿಗೆ ಸ್ವಲ್ಪ ಅಂತರ ಬಿಟ್ಟು. ಮಗ್ಗುಲಾಗಿ ಮಲಗುವ ಅಭ್ಯಾಸ ಇರುವವರು ಒಂದೇ ತೋಳು ಅಂತ ಕೇಳುವುದು ವಾಸಿ, ಇಲ್ಲದಿದ್ದರೆ ರಾತ್ರಿ ಯಾವ ಕಡೆಗೂ ತಿರುಗಲಾಗುವುದಿಲ್ಲ. 75ರವರಿಗೆ 2024ರ ಸೆಪ್ಟೆಂಬರ್‌ನಿಂದ ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ಸಿನ ಲಸಿಕೆಯೂ ಇದೆ. ಅದನ್ನು ಸಾಮಾನ್ಯವಾಗಿ ಇವೆರಡರ ಜೊತೆ ಒಂದೇ ದಿನ ಇಡುವುದಿಲ್ಲ.

ಮುಂಚೆ ಇದ್ದ ಹದಿನೈದು ನಿಮಿಷ ಕೂರುವ ಕಡ್ಡಾಯ ಈಗ ಹೆಚ್ಚಿನವರಿಗೆ ಇಲ್ಲ. ಆದರೂ ತಲೆ ಹಗುರಾದಂತೆ ಅನ್ನಿಸಿದರೆ ಕೂತೇ ಇರಿ. ಕಾರು ಓಡಿಸಬೇಡಿ.

ಮನೆಗೆ ಬಂದ ಮೇಲೆ

ತೋಳು ನೋವು, ಸುಸ್ತು, ತಲೆನೋವು, ಮೈಕೈ ನೋವು ಸಾಮಾನ್ಯ. ಹೆಚ್ಚಿನವರಿಗೆ ಒಂದೆರಡು ದಿನ, ತಡವಾದರೆ ವಾರದೊಳಗೆ ಹೋಗುತ್ತದೆ. ತೋಳನ್ನು ಆಡಿಸುತ್ತಿರಿ. ಎಣ್ಣೆ ಹಚ್ಚಿ ತಿಕ್ಕಬೇಡಿ.

ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು, ಆದರೆ ಲೆಕ್ಕ ಇಡಿ. ಇಲ್ಲಿ ಅಂಗಡಿಯಲ್ಲಿ ಸಿಗುವುದು 500 ಮಿಲಿಗ್ರಾಂ ಮಾತ್ರೆ. ಊರಿಂದ ಸೂಟ್‌ಕೇಸಿನಲ್ಲಿ ಬಂದ ಡೋಲೋ 650 ಕೂಡ ಪ್ಯಾರಸಿಟಮಾಲೇ. ನೆಗಡಿಗೆ ಬಿಸಿನೀರಿಗೆ ಬೆರೆಸಿ ಕುಡಿಯುವ ಲೆಮ್‌ಸಿಪ್‌ನಲ್ಲೂ ಅದೇ ಇದೆ. ಮೂರನ್ನೂ ಮೂರು ಬೇರೆ ಔಷಧಿ ಅಂದುಕೊಂಡು ನುಂಗುವವರಿದ್ದಾರೆ. ದೊಡ್ಡವರಿಗೆ ದಿನಕ್ಕೆ ಎಲ್ಲ ಸೇರಿ 4 ಗ್ರಾಂ ಮಿತಿ. 50 ಕಿಲೋಗಿಂತ ಕಡಿಮೆ ತೂಕದ ಹಿರಿಯರು ಎಷ್ಟು ತೆಗೆದುಕೊಳ್ಳಬಹುದು ಅಂತ ಫಾರ್ಮಸಿಸ್ಟ್‌ನ್ನು ಕೇಳಿ.

ಎದೆನೋವು, ಉಸಿರುಕಟ್ಟುವುದು, ಎದೆಬಡಿತ ಏರುಪೇರಾಗುವುದು ಅಪರೂಪ. ಆದರೆ ಹಾಗೇನಾದರೂ ಆದಲ್ಲಿ "ನಾಳೆ ನೋಡೋಣ" ಬೇಡ, ಕೂಡಲೇ ತುರ್ತು ಸೇವೆ 999ಕ್ಕೆ ಫೋನ್ ಮಾಡಿ. ಅಷ್ಟು ತುರ್ತಿಲ್ಲದ ಅನುಮಾನಗಳಿಗೆ ಎನ್‌ಎಚ್‌ಎಸ್ ಸಹಾಯವಾಣಿ 111. ಅಡ್ಡ ಪರಿಣಾಮ ಅಂತ ಅನುಮಾನ ಬಂದದ್ದನ್ನು ಯೆಲ್ಲೋ ಕಾರ್ಡ್ ಎಂಬ ವ್ಯವಸ್ಥೆಯಲ್ಲಿ ನೀವೇ ದಾಖಲಿಸಬಹುದು, ಡಾಕ್ಟರೇ ಬರೆಯಬೇಕೆಂದಿಲ್ಲ.

ಹಾಕಿಸಿಕೊಂಡ ತಾರೀಕು ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ಕಾಣುತ್ತದೆ. ಆ್ಯಪ್ ಬಳಸದ ಹಿರಿಯರಾದರೆ ಗೋಡೆಯ ಪಂಚಾಂಗದಲ್ಲಿ ಆ ದಿನಕ್ಕೆ ಒಂದು ಗುರುತು ಹಾಕಿಡಲಿ. ಏಪ್ರಿಲ್‌ನಲ್ಲಿ ವಸಂತದ ಸುತ್ತು ಶುರುವಾದಾಗ ಮತ್ತೆ ಅದೇ ಲೆಕ್ಕ ಬೇಕಾಗುತ್ತದೆ.