ಕ್ಯಾಟಲಿನಾ ದ್ವೀಪದ ಮ್ಯಾರಥಾನ್: ನನಗೆ ಕಷ್ಟವಾಗಿದ್ದು ಏರಲ್ಲ, ಇಳಿಜಾರು

ಬೆಳಗಿನ ಜಾವ, ಇನ್ನೂ ಪೂರ್ತಿ ಕತ್ತಲು. ಅವಲಾನ್ ಊರಿನ ದಕ್ಕೆಯಲ್ಲಿ ಬೋಟಿಗೆ ಕಾಯುತ್ತಾ ನಿಂತಿದ್ದೆ. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ಮೊಸರವಲಕ್ಕಿ. ಓಟಕ್ಕೆ ಮುಂಚೆ ನನ್ನ ಹೊಟ್ಟೆಗೆ ಒಗ್ಗುವುದು ಅದೊಂದೇ.

ಕ್ಯಾಟಲಿನಾ ಇರುವುದು ಕ್ಯಾಲಿಫೋರ್ನಿಯಾದ ತೀರದಾಚೆ. ಲಾಂಗ್ ಬೀಚ್‌ನಿಂದ ಫೆರಿಯಲ್ಲಿ ಒಂದು ಗಂಟೆಯ ದಾರಿ. ಪ್ರತಿ ವರ್ಷ ಮಾರ್ಚ್ ಹೊತ್ತಿಗೆ ಅಲ್ಲಿ ಮ್ಯಾರಥಾನ್ ನಡೆಯುತ್ತದೆ. ಓಟ ಮುಗಿಯುವುದು ಅವಲಾನ್‌ನಲ್ಲಿ, ಶುರುವಾಗುವುದು ಮಾತ್ರ ಟೂ ಹಾರ್ಬರ್ಸ್‌ನಲ್ಲಿ. ಅಲ್ಲಿ ದ್ವೀಪದ ಸೊಂಟ ಎಷ್ಟು ಸಣ್ಣಗಿದೆಯೆಂದರೆ ಈ ಕಡಲಿಂದ ಆ ಕಡಲಿಗೆ ಅರ್ಧ ಮೈಲಿ ಅಷ್ಟೇ. ಕತ್ತಲಲ್ಲಿ ಬೋಟು ಹತ್ತಿ ಅಲ್ಲಿಗೆ ಹೋಗಬೇಕು, ಆಮೇಲೆ 42 ಕಿಲೋಮೀಟರ್ ಓಡಿಕೊಂಡು ವಾಪಸ್ ಬರಬೇಕು. ದಾರಿಯಲ್ಲಿ ಏರುಗಳನ್ನೆಲ್ಲ ಕೂಡಿದರೆ 4,000 ಅಡಿ ದಾಟುತ್ತದೆ.

ನಾನು ಇದನ್ನು ಎರಡು ಸಲ ಓಡಿದ್ದೇನೆ. ಮೊದಲ ಸಲ 5 ಗಂಟೆ 48 ನಿಮಿಷ, ಎರಡನೇ ಸಲ 5 ಗಂಟೆ 6 ನಿಮಿಷ. ಆ 42 ನಿಮಿಷ ಎಲ್ಲಿ ಸಿಕ್ಕಿತು ಅನ್ನುವುದನ್ನೇ ಬರೆಯಬೇಕು ಅಂತ ಕೂತಿದ್ದೇನೆ.

ಮೊದಲ ಸಲ ಬರೀ ಏರು ಹತ್ತುವುದನ್ನೇ ಅಭ್ಯಾಸ ಮಾಡಿದ್ದೆ. ಮಲೆನಾಡಿನವನು, ಗುಡ್ಡ ಹೊಸದಲ್ಲ. ಈಗಿನ ಮನೆ ಹತ್ತಿರದ, ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನ ಮಣ್ಣುರಸ್ತೆಗಳಲ್ಲಿ ವಾರಕ್ಕೆರಡು ದಿನ ಓಡಿ ಹತ್ತುತ್ತಿದ್ದೆ, ಇಳಿಯುವಾಗ ಆರಾಮಾಗಿ ನಡೆದು ಬರುತ್ತಿದ್ದೆ. ಓಟದ ದಿನ ಟೂ ಹಾರ್ಬರ್ಸ್ ಬಿಟ್ಟ ಕೂಡಲೇ ಸಿಗುವ ದೊಡ್ಡ ಏರು ಚೆನ್ನಾಗಿಯೇ ಹೋಯಿತು. ಅಲ್ಲಿಂದ ಲಿಟ್ಲ್ ಹಾರ್ಬರ್ ಕಡೆಗೆ ಇಳಿಜಾರು. ಮಳೆಗಾಲ ಆಗಷ್ಟೇ ಮುಗಿದು ಗುಡ್ಡಗಳೆಲ್ಲ ಹಸಿರು, ಕೆಳಗೆ ನೀಲಿ ಕಡಲು. ಖುಷಿಯಲ್ಲಿ ಕಾಲು ಚಾಚಿ ಚಾಚಿ ಓಡಿಬಿಟ್ಟೆ. ಅದರ ಲೆಕ್ಕ ಪಂಪ್‌ಹೌಸ್ ಹಿಲ್‌ನಲ್ಲಿ ಚುಕ್ತಾ ಆಯಿತು. ಈ ಏರು ಬರುವುದು ಓಟದ ಕೊನೆಯ ಭಾಗದಲ್ಲಿ. ತೊಡೆಯ ಮುಂಭಾಗ ಕಲ್ಲಿನ ಹಾಗೆ ಗಟ್ಟಿಯಾಯಿತು. ಅವಲಾನ್‌ಗೆ ಇಳಿಯುವ ಕೊನೆಯ ಮೂರು ಮೈಲಿಯನ್ನು ಹಿಮ್ಮುಖವಾಗಿ, ಅಡ್ಡಡ್ಡವಾಗಿ, ಹೇಗೆ ಆಗುತ್ತೋ ಹಾಗೆ ಇಳಿದೆ.

ಆಮೇಲೆ ಓದಿ ತಿಳಿದುಕೊಂಡೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಮೈಭಾರಕ್ಕೆ ಬ್ರೇಕ್ ಹಾಕಬೇಕು. ಆ ಜಗ್ಗಾಟದಲ್ಲಿ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ಒಂದು ಸಲ ಹೀಗೆ ನೊಂದು ವಾಸಿಯಾದ ಸ್ನಾಯುವಿಗೆ ಮುಂದಿನ ಕೆಲವು ವಾರ ಅದೇ ಕೆಲಸದಿಂದ ಅಷ್ಟು ನೋವಾಗುವುದಿಲ್ಲ. ಅಂದರೆ ಇಳಿಯುವುದಕ್ಕೂ ತಾಲೀಮು ಬೇಕು.

ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದೆಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ವೋ, ನಮ್ಮ ತೋಟದಲ್ಲಿ ಕಾಫಿ ಮೂಟೆ ಹೊತ್ತವರು ಹೇಗೆ ಇಳೀತಾರೆ ಅಂತ ನೀನು ನೋಡಿಲ್ವಾ?" ಅಂದರು. ನೋಡಿದ್ದೆ. ಮಂಡಿ ಸ್ವಲ್ಪ ಬಗ್ಗಿಸಿ, ಪುಟ್ಟ ಪುಟ್ಟ ಹೆಜ್ಜೆ, ಚಕಚಕ. ಪಾದ ಯಾವತ್ತೂ ಮೈಗಿಂತ ಮುಂದೆ ಹೋಗಿ ಬೀಳುವುದಿಲ್ಲ. ತಲೆಯ ಮೇಲೆ ಐವತ್ತು ಕೆಜಿ ಇಟ್ಟುಕೊಂಡವರು ಕಾಲು ಚಾಚಿದರೆ ಮಂಡಿ ಉಳಿಯುತ್ತಾ?

ಎರಡನೇ ಸಲ ಅದನ್ನೇ ಕಲಿತೆ. ಓಟಕ್ಕೆ ಹತ್ತು ವಾರ ಇರುವಾಗ ಶುರು ಮಾಡಿದೆ. ಶನಿವಾರ ಏರನ್ನು ನಡೆದೇ ಹತ್ತುವುದು, ಇಳಿಜಾರನ್ನು ಓಡುವುದು. ಮೊದಲ ವಾರ ಹತ್ತು ನಿಮಿಷದ ಇಳಿಜಾರು, ಆರನೇ ವಾರದ ಹೊತ್ತಿಗೆ ನಲವತ್ತು ನಿಮಿಷ. ಮೊದಲ ಎರಡು ಭಾನುವಾರ ಕುರ್ಚಿಯಿಂದ ಏಳುವುದೇ ಕಷ್ಟವಾಯಿತು. ಮೂರನೇ ವಾರದಿಂದ ನೋವು ಕಮ್ಮಿಯಾಯಿತು. ಕೊನೆಯ ಗಟ್ಟಿ ಇಳಿಜಾರು ಓಟಕ್ಕೆ ಎರಡು ವಾರ ಮುಂಚೆ, ಆಮೇಲೆ ಬರೀ ಸಮತಟ್ಟು. ಜೊತೆಗೆ ದಿನಾ ಮನೆಯ ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ನಿಧಾನವಾಗಿ ಕೆಳಗಿಳಿಯುವ ವ್ಯಾಯಾಮ, ಒಂದೊಂದು ಕಾಲಿಗೆ ಹದಿನೈದು ಸಲ.

ಶೂ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಕ್ಯಾಟಲಿನಾದ ದಾರಿ ಬಹುಪಾಲು ಗಟ್ಟಿ ಮಣ್ಣುರಸ್ತೆ. ಕಾಡುದಾರಿಗೆಂದೇ ಮಾಡಿದ, ಅಡಿಯಲ್ಲಿ ದೊಡ್ಡ ಮುಳ್ಳಿರುವ ಟ್ರೇಲ್ ಶೂ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅರ್ಧ ಸೈಜು ದೊಡ್ಡದಿರಲಿ, ಉಗುರು ಎರಡು ದಿನ ಮುಂಚೆ ಕತ್ತರಿಸಿರಲಿ. ಇಳಿಯುವಾಗ ಬೆರಳು ಶೂ ತುದಿಗೆ ಬಡಿಯುತ್ತದೆ. ಲೇಸನ್ನು ಮೇಲಿನ ಕೊನೆಯ ತೂತಿಗೂ ಹಾಕಿ ಹಿಮ್ಮಡಿ ಅಲ್ಲಾಡದ ಹಾಗೆ ಕಟ್ಟಿ.

ಓಟದ ದಿನ ಏರು ಬಂದಾಗಲೆಲ್ಲ ಮುಲಾಜಿಲ್ಲದೆ ನಡೆದೆ. ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ ನಡೆಯುವುದು, ಅದೇ ನನ್ನ ಅಳತೆ. ಅರ್ಧ ಗಂಟೆಗೊಮ್ಮೆ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ತುಂಡು, ಇಲ್ಲವೇ ಒಂದು ಜೆಲ್, ಅಂದರೆ ಓಟಗಾರರು ಪ್ಯಾಕೆಟ್‌ನಿಂದ ಹೀರುವ ಸಿಹಿ ಪಾಕ. ಜೇಬಿನಲ್ಲಿ ಬೆಲ್ಲ ಹಾಕಿ ಕುಟ್ಟಿದ ಹುಣಸೆಹಣ್ಣಿನ ಉಂಡೆ ಇತ್ತು. ಬಾಯಿ ಒಣಗಿದಾಗ ಅದರಷ್ಟು ಹಿತ ಯಾವುದೂ ಇಲ್ಲ.

ನಿಧಾನವಾಗಿ ಹತ್ತಿದ್ದರಿಂದ ಕಣ್ಣಿಗೂ ಬಿಡುವು ಸಿಕ್ಕಿತು. ಒಂದು ತಿರುವಿನಲ್ಲಿ ಬೈಸನ್ ನಿಂತಿತ್ತು, ನಮ್ಮ ಕಾಟಿಯ ದೂರದ ನೆಂಟ. ಕತ್ತಿನ ಕೂದಲಿಗೆ ಒಣಹುಲ್ಲು ಸಿಕ್ಕಿಕೊಂಡಿತ್ತು, ಮೂಗಿನಿಂದ ಬಿಳಿ ಹಬೆ ಬರುತ್ತಿತ್ತು. 1924ರಲ್ಲಿ ಸಿನಿಮಾ ಶೂಟಿಂಗಿಗೆಂದು ತಂದು ಬಿಟ್ಟವುಗಳ ಸಂತತಿ ಇದು. ನಾವೆಲ್ಲ ನಡಿಗೆಗೆ ಇಳಿದು, ದೂರದಿಂದಲೇ ಬಳಸಿಕೊಂಡು ಹೋದೆವು. ಇನ್ನೊಂದು ಕಡೆ ಪಾಪಾಸುಕಳ್ಳಿಯ ಮರೆಯಿಂದ ಒಂದು ನರಿ ಇಣುಕಿತು. ಬೆಕ್ಕಿನಷ್ಟೇ ಇತ್ತು. ಈ ಉಪಜಾತಿಯ ನರಿ ಈ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. 1999ರಲ್ಲಿ ನಾಯಿಗಳಿಗೆ ಬರುವ ರೋಗ ಹಬ್ಬಿ ನೂರರ ಆಸುಪಾಸಿಗೆ ಇಳಿದಿದ್ದವು. ಲಸಿಕೆ ಹಾಕಿ, ಮರಿ ಮಾಡಿಸಿ ಬಿಟ್ಟು ಉಳಿಸಿಕೊಂಡರು. ಈಗ ಸಾವಿರ ದಾಟಿವೆ. ದ್ವೀಪದ ಸುಮಾರು 88% ನೆಲ 1972ರಲ್ಲಿ ಶುರುವಾದ ಸಂರಕ್ಷಣಾ ಸಂಸ್ಥೆಯ ಕೈಯಲ್ಲಿದೆ. ಹಾಗಾಗಿಯೇ ದಾರಿಯುದ್ದಕ್ಕೂ ಒಂದು ಬೋರ್ಡು, ಒಂದು ಅಂಗಡಿ ಅಡ್ಡ ಬರುವುದಿಲ್ಲ. ನಾನು ಒಂದು ಜೆಲ್ ಪ್ಯಾಕೆಟ್ ಚೂರನ್ನೂ ಕೆಳಗೆ ಬೀಳಿಸಲಿಲ್ಲ. ನೀವು ಹೋದರೂ ದಯವಿಟ್ಟು ಬೀಳಿಸಬೇಡಿ.

ಪಂಪ್‌ಹೌಸ್ ಹಿಲ್ ಈ ಸಲವೂ ಉದ್ದವೇ ಇತ್ತು. ತೊಡೆ ಮೇಲೆ ಕೈ ಊರಿ, ಹತ್ತು ಅಡಿ ಮುಂದಿನ ನೆಲ ಮಾತ್ರ ನೋಡುತ್ತಾ ಹತ್ತಿದೆ. ಮೇಲೆ ಬಂದ ಮೇಲೆ ತೊಡೆಯನ್ನು ಒತ್ತಿ ನೋಡಿದೆ, ಮೆತ್ತಗಿತ್ತು. ಕೆಳಗೆ ಅವಲಾನ್ ಕೊಲ್ಲಿ ಕಂಡಿತು, ದಂಡೆಯಲ್ಲಿ 1929ರ ಆ ದುಂಡನೆಯ ಕೆಸಿನೊ ಕಟ್ಟಡ. ಮಂಡಿ ಬಗ್ಗಿಸಿ, ಪುಟ್ಟ ಹೆಜ್ಜೆ ಹಾಕಿ ಓಡಲು ಶುರು ಮಾಡಿದೆ. ಆ ಮೂರು ಮೈಲಿಯಲ್ಲಿ ಒಂದು ಸಲವೂ ನಿಲ್ಲಲಿಲ್ಲ.

ಮಾರನೇ ದಿನ ಲಾಂಗ್ ಬೀಚ್‌ನಲ್ಲಿ ಫೆರಿ ನಿಂತಾಗ ಮೇಲಿನ ಡೆಕ್ಕಿನಲ್ಲಿದ್ದೆ. ಹಿಂದಿನ ಸಲ ಅದೇ ಮೆಟ್ಟಿಲನ್ನು ಎರಡೂ ಕೈಯಲ್ಲಿ ಕಂಬಿ ಹಿಡಿದು ಒಂದೊಂದಾಗಿ ಇಳಿದಿದ್ದೆ. ಈ ಸಲ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಖಾಲಿ ಡಬ್ಬಿ. ತೊಡೆ ನೋಯುತ್ತಿತ್ತು, ಆದರೂ ನೇರವಾಗಿ ಇಳಿದೆ.