ರ್ಯೋಕಾನ್‌ಗೆ ಹೋಗುವುದಾದರೆ ಎರಡು ರಾತ್ರಿ ಇಟ್ಟುಕೊಂಡೇ ಹೋಗಿ

ಜಪಾನ್‌ಗೆ ಹೊರಟವರು ನನ್ನನ್ನು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ. ಟೋಕಿಯೋ, ಕ್ಯೋಟೋ, ಒಸಾಕಾ ಎಲ್ಲ ಹಾಕಿಕೊಂಡಾಗಿದೆ, ನಡುವೆ ಒಂದು ರಾತ್ರಿ ರ್ಯೋಕಾನ್‌ನಲ್ಲಿ ಉಳಿದು ಬರಬಹುದಾ? ಬರಬಹುದು. ಆದರೆ ನೆಮ್ಮದಿ ಬೇಕು ಅಂತ ಹೋಗುವುದಾದರೆ ಒಂದು ರಾತ್ರಿ ಸಾಲುವುದಿಲ್ಲ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ರ್ಯೋಕಾನ್ ಅಂದರೆ ಜಪಾನಿನ ಹಳೇ ಪದ್ಧತಿಯ ತಂಗುಮನೆ. ತತಾಮಿ ಚಾಪೆಯ ಕೋಣೆ, ನೆಲದ ಮೇಲೆ ಹಾಸಿಗೆ, ರಾತ್ರಿ ಊಟ ಮತ್ತು ಬೆಳಗಿನ ತಿಂಡಿ ಅಲ್ಲೇ. ಒನ್ಸೆನ್ (ಬಿಸಿನೀರಿನ ಬುಗ್ಗೆ) ಇರುವ ಊರಲ್ಲಾದರೆ ನೆಲದಡಿಯಿಂದ ಬರುವ ಬಿಸಿನೀರಿನ ಸ್ನಾನದ ಕೊಳವೂ ಇರುತ್ತದೆ. ಕೋಣೆ ಕೊಡುವುದು ಮಧ್ಯಾಹ್ನ 3 ಗಂಟೆಗೆ, ಬಿಡಬೇಕಾದದ್ದು ಮಾರನೇ ದಿನ ಬೆಳಗ್ಗೆ 10ಕ್ಕೆ, ಕೆಲವು ಕಡೆ 11ಕ್ಕೆ. ಊಟ ಸಂಜೆ 6ರ ಸುಮಾರಿಗೇ ಶುರು. ನಾನು ಮೊದಲ ಸಲ ಹೋದಾಗ ಇದೆಲ್ಲ ಗೊತ್ತಿರಲಿಲ್ಲ. ಬೆಳಗಿಂದ ದೇವಸ್ಥಾನ, ಕೋಟೆ ಅಂತ ಸುತ್ತಿ, ಏಳು ಗಂಟೆಗೆ ಬಾಗಿಲಲ್ಲಿ ನಿಂತಿದ್ದೆ. ಅಡುಗೆಯವರು ನನಗಾಗಿ ಕಾಯುತ್ತಿದ್ದರು. ಚೀಲ ಇಟ್ಟವಳೇ ಊಟಕ್ಕೆ ಕೂತೆ. ಮುಗಿಯುವಾಗ ಒಂಬತ್ತು. ತುಂಬಿದ ಹೊಟ್ಟೆಯಲ್ಲಿ ಬಿಸಿನೀರಿಗೆ ಇಳಿದು, ಸುಸ್ತಾಗಿ ಮಲಗಿ, ಬೆಳಗ್ಗೆ ಎದ್ದು ರೈಲು ಹಿಡಿಯಲು ಓಡಿದೆ. ಅಷ್ಟು ದುಡ್ಡು ಕೊಟ್ಟು ನಾನು ಆ ಮನೆಯನ್ನು ನೋಡಲೇ ಇಲ್ಲ. ಎರಡು ರಾತ್ರಿ ಇಟ್ಟುಕೊಂಡರೆ ನಡುವೆ ಒಂದು ಇಡೀ ದಿನ ಏನೂ ಇಲ್ಲದೆ ಸಿಗುತ್ತದೆ. ಆ ಖಾಲಿ ದಿನಕ್ಕಾಗಿಯೇ ಅಲ್ಲಿಗೆ ಹೋಗಬೇಕು.

ಯಾವ ಊರು? ಟೋಕಿಯೋದಿಂದ ಹತ್ತಿರ ಬೇಕಾದರೆ ಹಕೋನೆ. ಶಿಂಜುಕುನಿಂದ ರೋಮ್ಯಾನ್ಸ್‌ಕಾರ್ ರೈಲಲ್ಲಿ ಒಂದೂವರೆ ಗಂಟೆಯೊಳಗೆ ಹಕೋನೆ-ಯುಮೋತೋ ತಲುಪಬಹುದು, ಆದರೆ ಜನ ಜಾಸ್ತಿ. ಗುನ್ಮಾದ ಕುಸಾತ್ಸು ಊರಿನ ನೀರು ತುಂಬಾ ಆಮ್ಲೀಯ, ಊರ ನಡುವೆಯೇ ಹೊಗೆಯಾಡುವ ಬಿಸಿನೀರಿನ ಕಟ್ಟೆ ಇದೆ. ಕ್ಯೂಶೂ ಕಡೆ ಹೋಗುವವರಿಗೆ ಕುಮಾಮೋತೋದ ಕುರೋಕಾವಾ. ನನಗೆ ಕೇಳಿದರೆ, ಮೊದಲ ಸಲ ಹೋಗುವವರಿಗೆ ಕಿನೋಸಾಕಿಯೇ ಸರಿ.

ಕಿನೋಸಾಕಿ ಒನ್ಸೆನ್ ಇರುವುದು ಹ್ಯೋಗೋ ಪ್ರಾಂತ್ಯದಲ್ಲಿ, ಜಪಾನ್ ಸಮುದ್ರದ ಹತ್ತಿರ. ಕ್ಯೋಟೋದಿಂದ ಅದೇ ಹೆಸರಿನ ಎಕ್ಸ್‌ಪ್ರೆಸ್ ರೈಲಲ್ಲಿ ಸುಮಾರು ಎರಡೂವರೆ ಗಂಟೆ. ನಡುವೆ ಒಂದು ಸಣ್ಣ ಹೊಳೆ, ಎರಡೂ ದಡದಲ್ಲಿ ವಿಲ್ಲೋ ಮರಗಳು, ಅದರ ಸುತ್ತ ಏಳು ಸಾರ್ವಜನಿಕ ಸ್ನಾನದ ಮನೆಗಳು. ಅಲ್ಲಿನವರು ಊರನ್ನೇ ಒಂದು ದೊಡ್ಡ ರ್ಯೋಕಾನ್ ಅಂತಾರೆ. ರೈಲು ನಿಲ್ದಾಣವೇ ಹೆಬ್ಬಾಗಿಲು, ಬೀದಿಗಳೇ ಹಜಾರ, ನಾವು ಉಳಿಯುವ ಮನೆ ಒಂದು ಕೋಣೆ, ಏಳು ಸ್ನಾನದ ಮನೆಗಳು ಬಚ್ಚಲು. ಉಳಿಯಲು ಬಂದವರಿಗೆ ಏಳಕ್ಕೂ ಹೋಗಲು ಪಾಸ್ ಉಚಿತವಾಗಿ ಸಿಗುತ್ತದೆ. ದೋಚಿ ಎಂಬ ಸನ್ಯಾಸಿ ಸಾವಿರ ದಿನ ಪ್ರಾರ್ಥನೆ ಮಾಡಿದ ಮೇಲೆ 720ರಲ್ಲಿ ಇಲ್ಲಿ ಬಿಸಿನೀರು ಚಿಮ್ಮಿತು ಅಂತ ಐತಿಹ್ಯವಿದೆ, ಆ ಜಾಗದಲ್ಲಿ ಈಗ ಮಂದಾರಾ-ಯು ಎಂಬ ಸ್ನಾನದ ಮನೆ ಇದೆ. ಹಚ್ಚೆ ಹಾಕಿಸಿಕೊಂಡವರಿಗೂ ಈ ಊರು ಒಳ್ಳೆಯದು. ಜಪಾನಿನ ಬಹಳಷ್ಟು ಕಡೆ ಹಚ್ಚೆ ಇದ್ದವರನ್ನು ಕೊಳಕ್ಕೆ ಬಿಡುವುದಿಲ್ಲ, ಇಲ್ಲಿ ಏಳೂ ಕಡೆ ಬಿಡುತ್ತಾರೆ. ಒಂದೊಂದು ಸ್ನಾನದ ಮನೆಗೂ ವಾರಕ್ಕೊಂದು ರಜೆ ಇರುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ.

ದಿನ ಆರಿಸುವಾಗ ಶನಿವಾರ ರಾತ್ರಿ ಬಿಟ್ಟುಬಿಡಿ. ಅವತ್ತು ದರವೂ ಜಾಸ್ತಿ, ಜನವೂ ಜಾಸ್ತಿ, ಒಬ್ಬರೇ ಹೋಗುವವರಿಗೆ ಕೆಲವು ಕಡೆ ಕೋಣೆಯನ್ನೇ ಕೊಡುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್ ರಜೆ, ಆಗಸ್ಟ್ ನಡುವಿನ ಓಬೋನ್ ಹಬ್ಬ, ಹೊಸ ವರ್ಷ, ಈ ಮೂರು ಹೊತ್ತಲ್ಲಿ ಇಡೀ ಜಪಾನೇ ಪ್ರವಾಸ ಹೊರಟಿರುತ್ತದೆ. ಚಳಿಗಾಲ ಚೆನ್ನ, ಹೊರಗಿನ ಕೊಳದಲ್ಲಿ ಕೂತಿದ್ದಾಗ ತಲೆ ಮೇಲೆ ಹಿಮ ಬೀಳುತ್ತಿರುತ್ತದೆ. ಆದರೆ ಕಿನೋಸಾಕಿಯಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಏಡಿಯ ಕಾಲ. ಏಡಿ ತಿನ್ನಲೆಂದೇ ಜನ ಬರುತ್ತಾರೆ, ದರ ಏರುತ್ತದೆ. ಏಡಿ ತಿನ್ನದವರು ಅದಕ್ಕೆ ಯಾಕೆ ದುಡ್ಡು ಕೊಡಬೇಕು, ಅಲ್ವಾ? ಅಂಥವರು ಅಕ್ಟೋಬರ್‌ನಲ್ಲಿ ಅಥವಾ ಏಪ್ರಿಲ್ ಮೊದಲ ಭಾಗದಲ್ಲಿ ಹೋಗಲಿ.

ಬುಕ್ ಮಾಡುವಾಗ ಎಚ್ಚರ, ರ್ಯೋಕಾನ್ ದರ ಸಾಮಾನ್ಯವಾಗಿ ತಲೆಗಿಷ್ಟು, ಕೋಣೆಗಿಷ್ಟು ಅಲ್ಲ. ಎರಡು ಊಟ ಸೇರಿ ಒಬ್ಬರಿಗೆ ಒಂದು ರಾತ್ರಿಗೆ 15,000ದಿಂದ 30,000 ಯೆನ್ ಅಂತಿಟ್ಟುಕೊಳ್ಳಿ, ಹೆಸರಾದ ಮನೆಗಳಲ್ಲಿ ಇನ್ನೂ ಮೇಲೆ. ಇದರ ಜೊತೆ ಸ್ನಾನದ ತೆರಿಗೆ ಅಂತ ತಲೆಗೆ 150 ಯೆನ್ ಆಸುಪಾಸು ಕೈಯಲ್ಲಿ ಕೊಡಬೇಕಾಗಬಹುದು. ಎರಡು ರಾತ್ರಿ ಜೇಬಿಗೆ ಭಾರ ಅನ್ನಿಸಿದರೆ ಒಂದು ದಾರಿ ಇದೆ. ಊಟವಿಲ್ಲದೆ ಬರೀ ಉಳಿಯುವುದಕ್ಕೆ ಸುದೋಮಾರಿ ಅಂತಾರೆ. ಒಂದು ರಾತ್ರಿ ಊಟದ ಜೊತೆ, ಇನ್ನೊಂದು ರಾತ್ರಿ ಸುದೋಮಾರಿ ಕೇಳಿ ನೋಡಿ, ಒಪ್ಪುವ ಮನೆಗಳಿವೆ. ರದ್ದು ಮಾಡಿದರೆ ಎಷ್ಟು ಕಡಿತ ಅನ್ನುವುದನ್ನೂ ಓದಿಕೊಳ್ಳಿ, ಕೊನೇ ದಿನ ಬರುವುದಿಲ್ಲ ಅಂದರೆ ಪೂರ್ತಿ ದುಡ್ಡು ಹೋಗುವುದುಂಟು.

ಈಗ ಊಟದ ವಿಷಯ. ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ. ರ್ಯೋಕಾನ್ ಊಟಕ್ಕೆ ಕೈಸೆಕಿ ಅಂತಾರೆ. ಸಣ್ಣ ಸಣ್ಣ ಬಟ್ಟಲುಗಳಲ್ಲಿ ಒಂದಾದ ಮೇಲೊಂದು ಬರುತ್ತದೆ, ಆ ಕಾಲದಲ್ಲಿ ಆ ಊರಲ್ಲಿ ಸಿಗುವುದನ್ನೇ ಹಾಕಿರುತ್ತಾರೆ. ತೊಂದರೆ ಇರುವುದು ಮಾಂಸದ್ದಲ್ಲ, ದಾಶಿಯದ್ದು. ದಾಶಿ ಅಂದರೆ ಅವರ ಅಡುಗೆಯ ಬುಡದ ಕಟ್ಟು, ನಮ್ಮ ಸಾರಿಗೆ ಬೇಳೆಕಟ್ಟು ಇದ್ದ ಹಾಗೆ. ಅದನ್ನು ಹೆಚ್ಚಾಗಿ ಒಣಗಿಸಿದ ಮೀನಿನ ಚಕ್ಕೆಯಿಂದ ಮಾಡುತ್ತಾರೆ. ಮಿಸೋ ಸೂಪಿನಲ್ಲಿ, ಬೇಯಿಸಿದ ಮೂಲಂಗಿಯಲ್ಲಿ, ತೋಫು ಮೇಲೆ ಹಾಕುವ ರಸದಲ್ಲಿ, ಎಲ್ಲದರಲ್ಲೂ ಅದು ಇರುತ್ತದೆ. ಸುಮ್ನೆ ಸಸ್ಯಾಹಾರಿ ಅಂದರೆ ತಟ್ಟೆಯ ಮೇಲಿನ ಮೀನು ತೆಗೆಯುತ್ತಾರೆ, ದಾಶಿ ಹಾಗೇ ಉಳಿಯುತ್ತದೆ. ಅವರ ಮಟ್ಟಿಗೆ ಅದು ಮೀನು ಬಡಿಸಿದ ಹಾಗೆ ಅಲ್ಲ.

ಹಾಗಾಗಿ ಬುಕ್ ಮಾಡುವ ಮೊದಲೇ ಬಿಡಿಬಿಡಿಯಾಗಿ ಬರೆದು ಕೇಳಿ. ಮಾಂಸ ಬೇಡ, ಕೋಳಿ ಬೇಡ, ಮೀನು ಸಿಗಡಿ ಏಡಿ ಬೇಡ, ಮೀನಿನ ದಾಶಿ ಬೇಡ. ಕೊಂಬು ಎಂಬ ಕಡಲ ಸೊಪ್ಪಿನ ದಾಶಿ ಆಗುತ್ತದೆ, ಶಿಟಾಕೆ ಅಣಬೆಯ ದಾಶಿ ಆಗುತ್ತದೆ. ಮೊಟ್ಟೆ, ಹಾಲು ಆಗುತ್ತದೋ ಇಲ್ಲವೋ ಅದನ್ನೂ ಹೇಳಿ. ಅನುವಾದದ ಆ್ಯಪ್‌ನಲ್ಲಿ ಜಪಾನಿ ಭಾಷೆಗೆ ತಿರುಗಿಸಿ ಕಳಿಸಿದರೂ ನಡೆಯುತ್ತದೆ, ವಾಕ್ಯ ಚಿಕ್ಕದಾಗಿರಲಿ. ಆಗಲ್ಲ ಅಂತ ಉತ್ತರ ಬಂದರೆ ಬೇಜಾರು ಮಾಡಿಕೊಳ್ಳಬೇಡಿ, ಸುಳ್ಳು ಭರವಸೆಗಿಂತ ಅದು ಎಷ್ಟೋ ಮೇಲು. ಅಲ್ಲಿಗೆ ಹೋಗಿ ಊಟದ ಮಣೆ ಮುಂದೆ ಕೂತು ಹೇಳುವುದು ಮಾತ್ರ ಬೇಡವೇ ಬೇಡ. ಸಾಮಾನು ತಂದು, ಬೆಳಗಿಂದ ತಯಾರಿ ಮಾಡಿರುತ್ತಾರೆ. ಒಂದೂ ಮುಟ್ಟದೆ ವಾಪಸ್ ಕಳಿಸಿದರೆ ಮಾಡಿದವರಿಗೂ ನೋವು, ನಮಗೂ ಉಪವಾಸ.

ಪೂರ್ತಿ ಸಸ್ಯಾಹಾರವೇ ಆಗಬೇಕು ಅನ್ನುವವರಿಗೆ ಬೇರೆ ಜಾಗವಿದೆ, ವಾಕಾಯಾಮಾ ಪ್ರಾಂತ್ಯದ ಕೋಯಾ ಬೆಟ್ಟ. ಕೂಕೈ ಎಂಬ ಬೌದ್ಧ ಗುರು 9ನೇ ಶತಮಾನದಲ್ಲಿ ಕಟ್ಟಿದ ಮಠಗಳ ಊರು. ಐವತ್ತರಷ್ಟು ಮಠಗಳಲ್ಲಿ ಉಳಿಯಲು ಕೋಣೆ ಕೊಡುತ್ತಾರೆ. ಅಲ್ಲಿನ ಶೋಜಿನ್ ಊಟದಲ್ಲಿ ಮಾಂಸ, ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಫುಕುಚಿ-ಇನ್ ಎಂಬ ಮಠದಲ್ಲಿ ಒನ್ಸೆನ್ ಕೂಡ ಇದೆ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ನಾನು ಇದನ್ನೇ ಹೇಳುತ್ತೇನೆ.

ಹೊರಡುವ ದಿನ ದೊಡ್ಡ ಸೂಟ್‌ಕೇಸ್ ಜೊತೆಗೆ ಬೇಡ. ತಕ್ಯೂಬಿನ್ ಅಂತ ಸಾಮಾನು ಸಾಗಿಸುವ ಸೇವೆ ಇದೆ. ನೀವಿರುವ ಹೋಟೆಲಿನ ಕೌಂಟರ್‌ನಲ್ಲೇ ಕೊಟ್ಟು ಮುಂದಿನ ಊರಿನ ಹೋಟೆಲ್ ವಿಳಾಸ ಬರೆದರೆ ಸಾಮಾನ್ಯವಾಗಿ ಮಾರನೇ ದಿನ ಅಲ್ಲಿರುತ್ತದೆ. ಎರಡು ದಿನಕ್ಕೆ ಒಳಬಟ್ಟೆ, ಔಷಧಿ, ಒಂದು ಕೈಚೀಲ ಸಾಕು. ಉಡಲು ಯುಕಾತಾ ಎಂಬ ನಿಲುವಂಗಿ ಅವರೇ ಕೊಡುತ್ತಾರೆ. ಅದನ್ನು ಉಡುವಾಗ ಎಡಬದಿ ಮೇಲೆ ಬರಬೇಕು. ಬಲಬದಿ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ.

3 ಗಂಟೆಗೇ ತಲುಪಿ. ಚಪ್ಪಲಿ ಬಾಗಿಲಲ್ಲಿ ಬಿಡಬೇಕು, ಅದು ನಮಗೆ ಹೇಳಿಕೊಡಬೇಕಾಗಿಲ್ಲ. ಒಳಗೆ ಓಡಾಡಲು ಕೊಡುವ ಸ್ಲಿಪ್ಪರನ್ನೂ ತತಾಮಿ ಮೇಲೆ ಕಾಲಿಡುವ ಮೊದಲು ಬಿಡಬೇಕು. ಟಾಯ್ಲೆಟ್‌ಗೆ ಬೇರೆಯೇ ಸ್ಲಿಪ್ಪರ್ ಇರುತ್ತದೆ, ಅದನ್ನು ಹಾಕಿಕೊಂಡೇ ಹೊರಗೆ ಬರಬಾರದು. ಗೋಡೆಯಲ್ಲಿ ಒಳಗೆ ಸರಿದ ಗೂಡಿನಂಥ ಜಾಗದಲ್ಲಿ ಒಂದು ಚಿತ್ರವೋ ಹೂವೋ ಇಟ್ಟಿರುತ್ತಾರೆ. ಅಲ್ಲಿ ಚೀಲ ಇಡಬೇಡಿ. ಟೀ ಜೊತೆ ಒಂದು ಸಿಹಿ ಇಟ್ಟಿರುತ್ತಾರೆ, ಅದನ್ನು ತಿಂದೇ ಸ್ನಾನಕ್ಕೆ ಹೋಗಿ. ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗೆ ಇಳಿದರೆ ತಲೆ ಸುತ್ತುತ್ತದೆ.

ಇನ್ನು ಸ್ನಾನ. ಎಲ್ಲರಿಗೂ ಅಳುಕಿರುವುದು ಇಲ್ಲೇ, ಮುಚ್ಚಿಡುವುದೇನಿದೆ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಕೊಳ, ಆದರೆ ಒಳಗೆ ಮೈಮೇಲೆ ಬಟ್ಟೆ ಇರಬಾರದು, ಈಜುಡುಗೆಯೂ ನಡೆಯುವುದಿಲ್ಲ. ಮೊದಲ ಐದು ನಿಮಿಷ ಎಲ್ಲಿ ನೋಡಬೇಕೆಂದೇ ತಿಳಿಯುವುದಿಲ್ಲ. ಆಮೇಲೆ ಪಕ್ಕದ ಅಜ್ಜಿ ತನ್ನ ಪಾಡಿಗೆ ಬೆನ್ನು ಉಜ್ಜಿಕೊಳ್ಳುವುದು ಕಾಣುತ್ತದೆ. ಯಾರೂ ಯಾರನ್ನೂ ನೋಡುತ್ತಿಲ್ಲ ಅನ್ನುವುದು ಅರ್ಥವಾಗುತ್ತದೆ. ಇದು ಆಗುವುದೇ ಇಲ್ಲ ಅನ್ನುವವರಿಗೆ ಕಾಶಿಕಿರಿ ಇದೆ, ಅಂದರೆ 45 ನಿಮಿಷವೋ ಒಂದು ಗಂಟೆಯೋ ನಿಮಗಷ್ಟೇ ಬಿಟ್ಟುಕೊಡುವ ಕೊಳ. ದಂಪತಿಗಳು, ಮಕ್ಕಳಿರುವವರು ಬುಕ್ ಮಾಡುವಾಗಲೇ ಇದು ಇದೆಯೇ ಅಂತ ಕೇಳಿಕೊಳ್ಳಿ.

ಕೊಳಕ್ಕೆ ಇಳಿಯುವುದು ಮೈ ತೊಳೆಯಲು ಅಲ್ಲ. ತೊಳೆದುಕೊಂಡು ಬಂದವರು ಇಳಿಯುವ ಜಾಗ ಅದು. ಗೋಡೆಯುದ್ದಕ್ಕೂ ಗಿಡ್ಡ ಸ್ಟೂಲು, ಬೋಗುಣಿ, ನಲ್ಲಿ ಇರುತ್ತವೆ. ಮಣೆ ಮೇಲೆ ಕೂತು, ಹಂಡೆಯಿಂದ ತಂಬಿಗೆಯಲ್ಲಿ ಮೊಗೆದು ಹುಯ್ದುಕೊಂಡು ಬೆಳೆದವರಿಗೆ ಈ ಕ್ರಮ ತಕ್ಷಣ ಒಗ್ಗುತ್ತದೆ. ಕೂತೇ ಸೋಪು ಹಾಕಿ ಪೂರ್ತಿ ತೊಳೆದುಕೊಳ್ಳಿ, ಪಕ್ಕದವರಿಗೆ ನೀರು ಸಿಡಿಯದ ಹಾಗೆ. ತಲೆಗೆ ಎಣ್ಣೆ ಹಚ್ಚಿದ್ದರೆ ಶಾಂಪೂ ಹಾಕಿ ಎಣ್ಣೆ ಹೋಗುವ ತನಕ ತೊಳೆಯಿರಿ. ನೊರೆ ಒಂದಿಷ್ಟೂ ಉಳಿಯಬಾರದು. ಕೂತ ಸ್ಟೂಲಿಗೂ ನೀರು ಹುಯ್ದು ಎದ್ದೇಳಿ. ಉದ್ದ ಕೂದಲಿದ್ದರೆ ಮೇಲೆ ಗಂಟು ಹಾಕಿ, ಕೂದಲು ನೀರಿಗೆ ತಾಗಬಾರದು. ಕೈಯಲ್ಲಿರುವ ಚಿಕ್ಕ ಟವೆಲ್ಲೂ ಅಷ್ಟೇ, ಮಡಚಿ ತಲೆ ಮೇಲೆ ಇಟ್ಟುಕೊಳ್ಳುವುದು ರೂಢಿ.

ಬೆಳ್ಳಿ ಒಡವೆ ಕೋಣೆಯಲ್ಲೇ ಬಿಚ್ಚಿಡಿ. ಇದನ್ನು ಯಾರೂ ಹೇಳುವುದಿಲ್ಲ. ಕುಸಾತ್ಸುನಲ್ಲಿ ಅಕ್ಕ ಕಾಲುಂಗುರ ತೆಗೆಯದೆ ಇಳಿದಿದ್ದಳು. ಮೇಲೆ ಬಂದು ಕಾಲು ಒರೆಸಿಕೊಳ್ಳುವಾಗ ನೋಡಿದರೆ ಎರಡೂ ಕಾಲುಂಗುರ ಕಾವಲಿಯಷ್ಟು ಕಪ್ಪು. ನೀರಿನಲ್ಲಿರುವ ಗಂಧಕ ಬೆಳ್ಳಿಗೆ ತಾಗಿದರೆ ಹಾಗಾಗುತ್ತದೆ. ಕಾಲ್ಗೆಜ್ಜೆಗೂ ಅದೇ ಗತಿ. ಉಜ್ಜಿದರೆ ಬೆಳ್ಳಗಾಗುತ್ತದೆ ನಿಜ, ಆದರೆ ಅವಳು ಆ ಸಂಜೆಯೆಲ್ಲ ಅದನ್ನೇ ಉಜ್ಜುತ್ತಾ ಕೂತಳು.

ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಇರುತ್ತದೆ. ಇಳಿದ ಕೂಡಲೇ ಚುರ್ ಅನ್ನುತ್ತದೆ. ಮೊದಲು ಬೋಗುಣಿಯಲ್ಲಿ ಕಾಲಿಗೆ, ಆಮೇಲೆ ಮೇಲಕ್ಕೆ ಹುಯ್ದುಕೊಂಡು, ನಿಧಾನಕ್ಕೆ ಇಳಿಯಿರಿ. ಐದೋ ಹತ್ತೋ ನಿಮಿಷಕ್ಕೆ ಎದ್ದು ಬಂದು ಅಂಚಿನ ಕಲ್ಲಿನ ಮೇಲೆ ಕೂರಿ, ಮತ್ತೆ ಇಳಿಯಿರಿ. ಏಳುವಾಗ ದಡಕ್ಕನೆ ಏಳಬೇಡಿ. ಕುಡಿದು ಇಳಿಯಲೇಬಾರದು. ಬಿಪಿ, ಹೃದಯದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಹೋಗಲಿ. ಮುಟ್ಟಿನ ದಿನಗಳಲ್ಲಿ ಎಲ್ಲರೂ ಇಳಿಯುವ ಕೊಳ ಬೇಡ, ಡಯಪರ್ ಬಿಡದ ಮಕ್ಕಳನ್ನೂ ಅಲ್ಲಿಗೆ ಬಿಡುವುದಿಲ್ಲ. ಮೇಲೆ ಬಂದ ಮೇಲೆ ಮತ್ತೆ ನಲ್ಲಿ ನೀರಲ್ಲಿ ತೊಳೆಯದಿದ್ದರೆ ಚರ್ಮ ನುಣುಪಾಗಿ ಉಳಿಯುತ್ತದೆ, ಕುಸಾತ್ಸುನಂಥ ಆಮ್ಲೀಯ ನೀರಾದರೆ ಮಾತ್ರ ತೊಳೆದುಕೊಳ್ಳಿ. ದಿನಕ್ಕೆ ಮೂರು ಸ್ನಾನ ಸಾಕು. ಕಿನೋಸಾಕಿಗೆ ಹೋದವರು ಏಳನ್ನೂ ಒಂದೇ ದಿನ ಮುಗಿಸಲು ಹೊರಡುವುದನ್ನು ನೋಡಿದ್ದೇನೆ, ಅದು ಬರೀ ಸುಸ್ತು.

ನಡುವಿನ ಆ ಖಾಲಿ ದಿನಕ್ಕೆ ಯಾವ ಕಾರ್ಯಕ್ರಮವನ್ನೂ ಹಾಕಿಕೊಳ್ಳಬೇಡಿ. ತಿಂಡಿ ಆದ ಮೇಲೆ ಕೋಣೆ ಗುಡಿಸಲು ಬಂದಾಗ ಒಂದು ಸುತ್ತು ನಡೆದು ಬನ್ನಿ, ಮಧ್ಯಾಹ್ನ ಒಂದು ಬಟ್ಟಲು ಉದೋನ್ ನೂಡಲ್ಸ್, ಮತ್ತೆ ಕಿಟಕಿ ಪಕ್ಕ ಕೂರುವುದು. ಸಂಜೆ ಯುಕಾತಾ ಉಟ್ಟು, ಮರದ ಗೇತಾ ಚಪ್ಪಲಿ ಮೆಟ್ಟಿ ಹೊಳೆ ಪಕ್ಕ ನಡೆದರೆ ಇಡೀ ಬೀದಿಯಲ್ಲಿ ಟಕ್ ಟಕ್ ಸದ್ದು. ಅದರಲ್ಲಿ ಬೇಗ ನಡೆಯಲು ಆಗುವುದೇ ಇಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಮೇಜು ಪಕ್ಕಕ್ಕಿಟ್ಟು ನೆಲದ ಮೇಲೆ ಹಾಸಿಗೆ ಹಾಸಿರುತ್ತಾರೆ. ಇವರಿಗೆ ಟಿಪ್ಸ್ ಕೊಡಬೇಕಾಗಿಲ್ಲ.

ಕೊನೇ ದಿನ ಬೆಳಗ್ಗೆ ತಿಂಡಿಗೆ ಒಂದು ಗಂಟೆ ಮೊದಲೇ ಎದ್ದು ಒಂದು ಸಲ ಕೊಳಕ್ಕೆ ಹೋಗಿ ಬನ್ನಿ, ಆ ಹೊತ್ತಿಗೆ ಜನ ಕಡಿಮೆ. ಒಂದು ವಿಷಯ ಮಾತ್ರ ಮರೆಯಬೇಡಿ. ಬಹಳ ರ್ಯೋಕಾನ್‌ಗಳಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಗಂಡಸರ ಕೊಳ, ಹೆಂಗಸರ ಕೊಳ ಅದಲುಬದಲು ಮಾಡಿರುತ್ತಾರೆ, ಎಲ್ಲರಿಗೂ ಎರಡೂ ಸಿಗಲಿ ಅಂತ. ಬಾಗಿಲಿಗೆ ಇಳಿಬಿಟ್ಟ ಪರದೆಯ ಬಣ್ಣ ನೋಡಿ ಒಳಗೆ ಹೋಗಿ. ಸಾಮಾನ್ಯವಾಗಿ ನೀಲಿ ಗಂಡಸರಿಗೆ, ಕೆಂಪು ಹೆಂಗಸರಿಗೆ.